ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ: ಮಳೆ ಬಿಟ್ಟ ಮೇಲೆ ಮಾಡುವ ಕೆಲಸ

ಈ ಕೆಲಸವನ್ನು ಜೂನ್, ಜುಲೈಯಲ್ಲಿ ಮಾತ್ರ ಮಾಡಬೇಡಿ. ನಾನು ಮಾಡಿ ಕೈಸುಟ್ಟುಕೊಂಡಿದ್ದೇನೆ. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್, ಯುಪಿಎಸ್ ಇಲ್ಲ, ಹೊರಗೆ ಆರಿದ್ರಾ ಮಳೆ. ಡಿಸ್ಕ್‌ನಲ್ಲಿ ಒಂದು ಪಾರ್ಟಿಷನ್, ಅಂದರೆ ಡಿಸ್ಕ್‌ನ ಒಂದು ಪಾಲು, ಕುಗ್ಗಿಸಿ ಇನ್ನೊಂದನ್ನು ಪಕ್ಕಕ್ಕೆ ಸರಿಸುವ ಕೆಲಸ ಶೇಕಡಾ 60ಕ್ಕೆ ಬಂದಿತ್ತು. ಎಲ್ಲೋ ಒಂದು ಸಿಲ್ವರ್ ಮರ ಲೈನಿನ ಮೇಲೆ ಬಿತ್ತು. ಕರೆಂಟ್ ಹೋಯ್ತು. ಬಂದದ್ದು ನಾಲ್ಕನೇ ದಿನ. ಅಷ್ಟರಲ್ಲಿ ಡಿ ಡ್ರೈವ್‌ನಲ್ಲಿದ್ದ ಅಕ್ಕನ ಮದುವೆ ಫೋಟೋಗಳ ಕಥೆ ಮುಗಿದಿತ್ತು. ಹುತ್ತರಿಗೆ ತವರಿಗೆ ಬಂದಾಗಲೆಲ್ಲ ಅಕ್ಕ ಆ ಮಾತು ಎತ್ತದೆ ಬಿಡುವುದಿಲ್ಲ.

ಆಮೇಲೆ ಎಷ್ಟೋ ಕಂಪ್ಯೂಟರ್‌ಗಳಿಗೆ ಈ ಕೆಲಸ ಮಾಡಿದ್ದೇನೆ, ಒಂದೂ ಕೆಟ್ಟಿಲ್ಲ. ಲಿನಕ್ಸ್ ಅಂದರೆ ವಿಂಡೋಸ್‌ನ ಹಾಗೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಅದನ್ನು ಹಾಕುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮೊದಲು ವಿಂಡೋಸ್ ಒಳಗೆ ಕೂತು ಮಾಡುವ ತಯಾರಿಗೆ ಒಂದು ಇಡೀ ಮಧ್ಯಾಹ್ನ ಬೇಕು. ಜನ ಆ ಮಧ್ಯಾಹ್ನವನ್ನು ಉಳಿಸಲು ಹೋಗಿ ಎಡವುತ್ತಾರೆ. ಅದಕ್ಕೇ ಈ ಬರಹದ ಅರ್ಧಕ್ಕಿಂತ ಜಾಸ್ತಿ ಭಾಗ ಲಿನಕ್ಸ್ ಬಗ್ಗೆ ಅಲ್ಲ, ವಿಂಡೋಸ್ ಬಗ್ಗೆಯೇ ಇದೆ.

ಎರಡು ಯಾಕೆ ಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು ಅನ್ನುತ್ತದೆ. ನಮ್ಮ ಪಕ್ಕದ ತೋಟದ ಆಫೀಸಿನಲ್ಲಿರುವುದು 6ನೇ ತಲೆಮಾರಿನ ಐ5 ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಯಂತ್ರ ಗಟ್ಟಿಯಾಗಿದೆ, ಎಸೆಯಲು ಮನಸ್ಸಾಗುವುದಿಲ್ಲ.

ಅಲ್ಲಿ ಲೆಕ್ಕ ಬರೆಯುವ ರೈಟರ್‌ಗೆ ನಾನು ಲಿನಕ್ಸ್ ವಿಷಯ ಹೇಳಿದಾಗ ಅವರು ಹೇಳಿದ್ದು ಒಂದೇ ಮಾತು: “ಎಲ್ಲ ಸರಿ ಮಾರಾಯಾ, ನನ್ನ ಟ್ಯಾಲಿ ಮಾತ್ರ ಹೋಗಬಾರದು.” ನ್ಯಾಯವಾದ ಮಾತು. ಟ್ಯಾಲಿ ಲೆಕ್ಕದ ಸಾಫ್ಟ್‌ವೇರ್, ಅದಕ್ಕೆ ವಿಂಡೋಸ್ ಬೇಕು. ಡಿಜಿಟಲ್ ಸಹಿಯ ಟೋಕನ್‌ಗಳಲ್ಲೂ ಬಹುಪಾಲು ವಿಂಡೋಸ್‌ನಲ್ಲೇ ತಕರಾರಿಲ್ಲದೆ ನಡೆಯುತ್ತವೆ. ಆದರೆ ಇಮೇಲ್, ಬ್ಯಾಂಕ್, ಯೂಟ್ಯೂಬ್, ಕಾಫಿ ರೇಟ್ ನೋಡುವುದು, ಹೋಂಸ್ಟೇ ಬುಕಿಂಗ್ ಇವೆಲ್ಲ ಬ್ರೌಸರ್‌ನಲ್ಲೇ ಮುಗಿಯುವ ಕೆಲಸ. ಇಂಟರ್‌ನೆಟ್ ಕೆಲಸಕ್ಕೆಲ್ಲ ಲಿನಕ್ಸ್, ಲೆಕ್ಕಕ್ಕೆ ಮಾತ್ರ ವಿಂಡೋಸ್ ಅಂತ ಮಾಡಿಕೊಂಡೆವು. ಸೆಕ್ಯೂರಿಟಿ ಅಪ್‌ಡೇಟ್ ಬರದ ವಿಂಡೋಸ್ ಅನ್ನು ನೆಟ್‌ಗೆ ಬಿಡದೆ ಇಟ್ಟರೆ ಅಪಾಯ ಬಹಳ ಕಡಿಮೆ.

ಯಾವ ಲಿನಕ್ಸ್ ಅಂತ ಕೇಳಿದರೆ, ವಿಂಡೋಸ್‌ನಿಂದ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ಎಲ್ಲ ನೋಡಿದ ಹಾಗೇ ಇರುತ್ತದೆ. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ಅನ್ನುವ ರೂಪ ಸಾಕು. ಅದಕ್ಕಿಂತ ಹಳೇ ಯಂತ್ರವಾದರೆ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ. ಉಬುಂಟು ಬೇಕಾದವರು ಅದನ್ನೇ ಹಾಕಬಹುದು. ಇನ್‌ಸ್ಟಾಲರ್‌ನ ಮುಖ ಬೇರೆ, ದಾರಿ ಒಂದೇ.

ಮೊದಲು ಒಂದು ಹಾಳೆ, ಒಂದು ಪೆನ್ನು

ವಿಂಡೋಸ್‌ನ ಸರ್ಚ್‌ನಲ್ಲಿ ಸಿಸ್ಟಮ್ ಇನ್ಫಾರ್ಮೇಶನ್ ಅಂತ ಹುಡುಕಿ ತೆರೆಯಿರಿ. ಎರಡು ಸಾಲು ನೋಡಬೇಕು. ಬಯಾಸ್ ಅಂದರೆ ವಿಂಡೋಸ್‌ಗಿಂತ ಮೊದಲೇ ಎದ್ದು ಯಂತ್ರ ಶುರುಮಾಡುವ ಒಳಗಿನ ಸಾಫ್ಟ್‌ವೇರ್. ಬಯಾಸ್ ಮೋಡ್ ಎದುರು ಯುಇಎಫ್‌ಐ (ಹೊಸ ಬಗೆ) ಅಂತ ಇದೆಯಾ, ಲೆಗಸಿ (ಹಳೇ ಬಗೆ) ಅಂತ ಇದೆಯಾ? ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದೆಯಾ, ಆಫ್ ಇದೆಯಾ? ಬರೆದುಕೊಳ್ಳಿ. ಇದೇಕೆ ಅಂದರೆ, ವಿಂಡೋಸ್ ಯಾವ ಮೋಡ್‌ನಲ್ಲಿದೆಯೋ ಲಿನಕ್ಸನ್ನೂ ಅದೇ ಮೋಡ್‌ನಲ್ಲಿ ಹಾಕಬೇಕು. ಒಂದು ಯುಇಎಫ್‌ಐ, ಇನ್ನೊಂದು ಲೆಗಸಿ ಆದರೆ ಒಂದರ ಮೆನುವಿನಲ್ಲಿ ಇನ್ನೊಂದು ಕಾಣುವುದೇ ಇಲ್ಲ.

ಲೆಗಸಿ ಅಂತ ಬಂದರೆ ಇನ್ನೊಂದು ವಿಷಯ. ಅಂಥ ಡಿಸ್ಕ್‌ಗಳು ಸಾಮಾನ್ಯವಾಗಿ ಎಂಬಿಆರ್ ಅನ್ನುವ ಹಳೇ ಪದ್ಧತಿಯಲ್ಲಿರುತ್ತವೆ. ಅದರಲ್ಲಿ 4 ಪ್ರೈಮರಿ ಪಾರ್ಟಿಷನ್‌ಗಿಂತ ಜಾಸ್ತಿ ಮಾಡಲು ಬರುವುದಿಲ್ಲ. ನಾಲ್ಕೂ ಭರ್ತಿಯಾಗಿದ್ದರೆ ಒಂದನ್ನು ಖಾಲಿ ಮಾಡಿ ಅಳಿಸಬೇಕಾಗುತ್ತದೆ.

ಮೂರನೆಯದು ಬಿಟ್‌ಲಾಕರ್, ಡಿಸ್ಕ್‌ಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸ್ ಸೌಲಭ್ಯ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿಯೇ ಬಂದಿರುತ್ತದೆ. ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ಸೆಟ್ಟಿಂಗ್ಸ್‌ನ ಪ್ರೈವೆಸಿ ಅಂಡ್ ಸೆಕ್ಯೂರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ ಅಲ್ಲಿಗೇ ನಿಲ್ಲಿ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ 48 ಅಂಕಿಯ ರಿಕವರಿ ಕೀ ಹುಡುಕಿ ಹಾಳೆಯಲ್ಲಿ ಬರೆಯಿರಿ. ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿ ಸರಿನೋಡಿ. ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಾದರೂ ವಿಂಡೋಸ್ ಈ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಫೈಲುಗಳು ನಿಮಗೂ ಇಲ್ಲ, ಬೇರೆ ಯಾರಿಗೂ ಇಲ್ಲ. ಡ್ಯುಯಲ್ ಬೂಟ್, ಅಂದರೆ ಎರಡೂ ವ್ಯವಸ್ಥೆ ಇರುವ ಯಂತ್ರದಲ್ಲಿ ಎನ್‌ಕ್ರಿಪ್ಶನ್ ಪೂರ್ತಿ ತೆಗೆದುಬಿಡುವುದು ಸುಲಭದ ದಾರಿ. ಆಫ್ ಒತ್ತಿ, ಚಾರ್ಜರ್ ಹಾಕಿ ಬಿಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಡಿಸ್ಕ್ ದೊಡ್ಡದಾದಷ್ಟೂ ಹೊತ್ತು ಜಾಸ್ತಿ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಹೊತ್ತುಕೊಂಡು ಓಡಾಡುವವರಾದರೆ ತೆಗೆಯಬೇಡಿ, ಕೀ ಜೋಪಾನ ಮಾಡಿ ಮುಂದುವರಿಯಿರಿ.

ಬ್ಯಾಕಪ್ ಬಗ್ಗೆ ನಾನು ಉಪದೇಶ ಮಾಡುವುದಿಲ್ಲ, ಅಕ್ಕನ ಮದುವೆ ಫೋಟೋ ಕಥೆ ಹೇಳಿಯಾಯಿತು. ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಲ್ಲ ಕಾಪಿ ಮಾಡಿ. ಟ್ಯಾಲಿ ಇದ್ದರೆ ಅದರ ಒಳಗಿನ ಬ್ಯಾಕಪ್ ಆಯ್ಕೆಯಿಂದಲೇ ಬೇರೆ ಒಂದು ಪ್ರತಿ ತೆಗೆಯಿರಿ. ಕಾಪಿ ಆದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕು ಫೈಲು ತೆರೆದು ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನೊಳಗೆ ಇಟ್ಟ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಮೂರು ವರ್ಷ ಮೂಲೆಯಲ್ಲಿದ್ದ ಹಾರ್ಡ್ ಡಿಸ್ಕ್ ನಂಬುವಂತಿಲ್ಲ.

ವಿಂಡೋಸ್‌ನ ಅರೆನಿದ್ದೆ

ಇದೊಂದು ಹೆಜ್ಜೆ ಬಿಟ್ಟುಹೋಗಿ ಆಮೇಲೆ ನನಗೆ ಫೋನ್ ಮಾಡಿದವರೇ ಜಾಸ್ತಿ. ವಿಂಡೋಸ್‌ನಲ್ಲಿ ಶಟ್ ಡೌನ್ ಒತ್ತಿದರೆ ಅದು ಪೂರ್ತಿ ಮಲಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯ ಆನ್ ಇದ್ದರೆ, ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಅರೆನಿದ್ದೆಗೆ ಹೋಗುತ್ತದೆ. ಮಾರನೇ ದಿನ ಬೇಗ ಏಳಲು ಈ ಉಪಾಯ. ಆ ಸ್ಥಿತಿಯಲ್ಲಿ ಲಿನಕ್ಸ್ ಬಂದು ಅದೇ ಡ್ರೈವ್‌ನಲ್ಲಿ ಏನಾದರೂ ಬರೆದರೆ ವಿಂಡೋಸ್ ಎದ್ದಾಗ ಅದರ ಲೆಕ್ಕವೇ ಬೇರೆ, ಡಿಸ್ಕ್‌ನ ಲೆಕ್ಕವೇ ಬೇರೆ. ಫೈಲುಗಳು ಹಾಳಾಗುತ್ತವೆ. ಅದಕ್ಕೇ ಲಿನಕ್ಸ್ ಅಂಥ ಡ್ರೈವನ್ನು ಓದಲು ಮಾತ್ರ ಕೊಡುತ್ತದೆ, ಇಲ್ಲವೇ ತೆರೆಯಲು ಒಪ್ಪುವುದೇ ಇಲ್ಲ.

ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ. ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಒತ್ತಿ. ಮೇಲೆ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನವೈಲಬಲ್’ ಅಂತ ನೀಲಿ ಸಾಲು ಇರುತ್ತದೆ. ಅದನ್ನು ಒತ್ತಿದ ಮೇಲೆಯೇ ಕೆಳಗಿನ ಚೌಕಗಳು ಬದಲಾಯಿಸಲು ಸಿಗುತ್ತವೆ. ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎದುರಿನ ಟಿಕ್ ತೆಗೆದು ಸೇವ್ ಮಾಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಕೆಲವೊಮ್ಮೆ ಈ ಟಿಕ್ ತಾನಾಗಿ ವಾಪಸ್ ಬಂದಿರುತ್ತದೆ. ಆಗಾಗ ಇಣುಕಿ ನೋಡಿ.

ಪಾಲು ಮಾಡುವುದು

ಪಾರ್ಟಿಷನ್ ಅಂದರೆ ನಮ್ಮೂರಲ್ಲಿ ಮೊದಲು ನೆನಪಾಗುವುದು ಅಣ್ಣತಮ್ಮಂದಿರ ಆಸ್ತಿ ಪಾಲು. ಇಲ್ಲೂ ಹೆಚ್ಚುಕಡಿಮೆ ಅದೇ. ಅನುಭವದಲ್ಲಿರುವವನೇ ತನ್ನ ಜಾಗ ಅಳೆದು ಬಿಟ್ಟುಕೊಟ್ಟರೆ ಜಗಳವಿಲ್ಲ. ಹೊಸಬ ಬಂದು ಬೇಲಿ ಕಿತ್ತರೆ ರಗಳೆ. ಲಿನಕ್ಸ್ ಇನ್‌ಸ್ಟಾಲರ್‌ಗೂ ವಿಂಡೋಸ್ ಪಾರ್ಟಿಷನ್ ಕುಗ್ಗಿಸಲು ಬರುತ್ತದೆ. ಆದರೆ ಅದನ್ನು ವಿಂಡೋಸ್ ಕೈಯಿಂದಲೇ ಮಾಡಿಸಿ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿಗುತ್ತದೆ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಎಷ್ಟು ಬಿಡಬೇಕು ಅನ್ನುವುದನ್ನು ಎಂಬಿ ಲೆಕ್ಕದಲ್ಲಿ ಕೇಳುತ್ತದೆ. ರೈಟರ್ ಲ್ಯಾಪ್‌ಟಾಪ್‌ನಲ್ಲಿ ನಾವು ಲಿನಕ್ಸ್‌ಗೆ ಕೊಟ್ಟದ್ದು 80 ಜಿಬಿ. 80ನ್ನು 1024ರಿಂದ ಗುಣಿಸಿ, 81920 ಅಂತ ಹಾಕಬೇಕು. ಮಿಂಟ್‌ಗೆ ಕನಿಷ್ಠ 20 ಜಿಬಿ ಬೇಕು, ಆದರೆ 20ರಲ್ಲಿ ಉಸಿರಾಡಲು ಜಾಗವಿರುವುದಿಲ್ಲ. 60ಕ್ಕಿಂತ ಕಡಿಮೆ ಮಾಡಬೇಡಿ. ವಿಂಡೋಸ್ ಕಡೆಯೂ ಕನಿಷ್ಠ 30 ಜಿಬಿ ಖಾಲಿ ಉಳಿಯುವ ಹಾಗೆ ನೋಡಿಕೊಳ್ಳಿ.

ಇಲ್ಲೊಂದು ತಮಾಷೆ ನಡೆಯುತ್ತದೆ. ಸಿ ಡ್ರೈವ್‌ನಲ್ಲಿ 150 ಜಿಬಿ ಖಾಲಿ ಅಂತ ಕಾಣುತ್ತದೆ, ಶ್ರಿಂಕ್ ಮಾತ್ರ 12 ಜಿಬಿ ಬಿಡಬಲ್ಲೆ ಅನ್ನುತ್ತದೆ. ಖಾಲಿ ಗದ್ದೆಯ ನಟ್ಟನಡುವೆ ಒಂದು ಬಂಡೆ ಇದ್ದ ಹಾಗೆ, ಅಲುಗಾಡಿಸಲಾಗದ ಕೆಲವು ಫೈಲುಗಳು ಡಿಸ್ಕ್‌ನ ಮಧ್ಯದಲ್ಲಿ ಕೂತಿರುತ್ತವೆ. ಹೈಬರ್ನೇಶನ್ ಫೈಲು, ಪೇಜ್ ಫೈಲು, ಸಿಸ್ಟಮ್ ರಿಸ್ಟೋರ್‌ನ ಹಳೇ ಪ್ರತಿಗಳು ಇವೇ ಆ ಬಂಡೆಗಳು. ಹೈಬರ್ನೇಶನ್ ಆಫ್ ಮಾಡಿ, ಸಿಸ್ಟಮ್ ಪ್ರೊಟೆಕ್ಷನ್ ಮತ್ತು ವರ್ಚುವಲ್ ಮೆಮೊರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್‌ಗೆ ಹೋಗಿ. ರೈಟರ್ ಯಂತ್ರದಲ್ಲಿ 12 ಇದ್ದದ್ದು ಒಂದೇ ಸಲಕ್ಕೆ 90ರ ಹತ್ತಿರ ಬಂತು. ಕೆಲಸ ಮುಗಿದ ಮೇಲೆ ವರ್ಚುವಲ್ ಮೆಮೊರಿ, ಸಿಸ್ಟಮ್ ಪ್ರೊಟೆಕ್ಷನ್ ವಾಪಸ್ ಆನ್ ಮಾಡಲು ಮರೆಯಬೇಡಿ.

ಕುಗ್ಗಿಸಿದ ಮೇಲೆ ಡಿಸ್ಕ್ ಚಿತ್ರದಲ್ಲಿ ಕಪ್ಪು ಪಟ್ಟಿಯ ಕೆಳಗೆ ಅನ್‌ಅಲೊಕೇಟೆಡ್ ಅಂತ ಬರುತ್ತದೆ. ಅದನ್ನು ಹಾಗೇ ಬಿಡಿ. ಹೊಸ ಡ್ರೈವ್ ಮಾಡುವುದು, ಅಕ್ಷರ ಕೊಡುವುದು ಏನೂ ಬೇಡ. ಈಗ ವಿಂಡೋಸ್ ಎರಡು ಸಲ ರೀಸ್ಟಾರ್ಟ್ ಮಾಡಿ, ಎಲ್ಲ ಸರಿಯಾಗಿ ತೆರೆಯುತ್ತದೆಯೇ ನೋಡಿ. ರೈಟರ್ ಅವರನ್ನು ಕೂರಿಸಿ ಟ್ಯಾಲಿ ತೆರೆಸಿ, ಹಿಂದಿನ ವಾರದ ಕೂಲಿ ಬಟವಾಡೆ ಸರಿಯಿದೆ ಅಂತ ಅವರ ಬಾಯಿಂದ ಹೇಳಿಸಿಕೊಂಡೇ ನಾನು ಮುಂದೆ ಹೋದದ್ದು.

ಡೆಸ್ಕ್‌ಟಾಪ್ ಇರುವವರಿಗೆ ಇದಕ್ಕಿಂತ ಒಳ್ಳೇ ದಾರಿ ಇದೆ. ಇನ್ನೊಂದು ಚಿಕ್ಕ ಎಸ್‌ಎಸ್‌ಡಿ ತಂದು ಲಿನಕ್ಸನ್ನು ಪೂರ್ತಿ ಅದರಲ್ಲೇ ಹಾಕಿಬಿಡಿ. ಹಾಕುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಪಾಲೂ ಬೇಡ, ಬೇಲಿಯೂ ಬೇಡ.

ಪೆನ್‌ಡ್ರೈವ್

ಇನ್‌ಸ್ಟಾಲ್ ಮಾಡಲು ಬೇಕಾದ ಮಿಂಟ್‌ನ ಐಎಸ್‌ಒ ಫೈಲು ಸುಮಾರು 3 ಜಿಬಿ, ಉಬುಂಟು ಅದರ ಎರಡರಷ್ಟು. ತೋಟದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಇಳಿಸಲು ಹೋಗಬೇಡಿ. ಮಂಜು ಬಂದು ಸಿಗ್ನಲ್ ಒಂದು ಕಡ್ಡಿಗೆ ಇಳಿದರೆ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಫೈಬರ್ ಇರುವ ನೆಂಟರ ಮನೆಗೆ ಹೋದಾಗ ಇಳಿಸಿಕೊಳ್ಳಿ. ನಾನು ಮಾಡುವುದು ಅದನ್ನೇ.

ಅಧಿಕೃತ ಸೈಟ್‌ನಿಂದಲೇ ಇಳಿಸಿ. 8 ಜಿಬಿ ಪೆನ್‌ಡ್ರೈವ್ ಸಾಕು, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ವಿಂಡೋಸ್‌ನಲ್ಲಿ ರೂಫಸ್ ಅನ್ನುವ ಚಿಕ್ಕ ಸಾಫ್ಟ್‌ವೇರ್ ತೆರೆದು ಐಎಸ್‌ಒ ಆರಿಸಿ. ಸೆಲೆಕ್ಟ್ ಬಟನ್ ಪಕ್ಕ ಒಂದು ಟಿಕ್ ಗುರುತು ಇದೆ, ಅದನ್ನು ಒತ್ತಿದರೆ ಫೈಲಿನ ಬೆರಳಚ್ಚಿನಂಥ ಚೆಕ್‌ಸಮ್ ಲೆಕ್ಕ ಹಾಕಿ ಕೊಡುತ್ತದೆ. ಶಾ-256 ಅಂತ ಇರುವ ಉದ್ದ ಸಾಲನ್ನು ಮಿಂಟ್ ಸೈಟ್‌ನಲ್ಲಿ ಕೊಟ್ಟಿರುವ ಸಾಲಿನ ಜೊತೆ ಹೋಲಿಸಿ. ಮೊದಲ ಆರು, ಕೊನೆಯ ಆರು ಅಕ್ಷರ ಒಂದೇ ಇದ್ದರೆ ಡೌನ್‌ಲೋಡ್ ಸರಿಯಾಗಿದೆ ಅಂತ ಧೈರ್ಯವಾಗಿ ಹೋಗಬಹುದು.

ಪಾರ್ಟಿಷನ್ ಸ್ಕೀಮ್ ಎದುರು, ಹಾಳೆಯಲ್ಲಿ ಯುಇಎಫ್‌ಐ ಅಂತ ಬರೆದಿದ್ದರೆ ಜಿಪಿಟಿ, ಲೆಗಸಿ ಅಂತಿದ್ದರೆ ಎಂಬಿಆರ್. ಸ್ಟಾರ್ಟ್ ಒತ್ತಿದಾಗ ಐಎಸ್‌ಒ ಮೋಡಾ, ಡಿಡಿ ಮೋಡಾ ಅಂತ ಕೇಳಿದರೆ ಐಎಸ್‌ಒ ಅನ್ನಿ. ಹತ್ತು ನಿಮಿಷದ ಕೆಲಸ.

ಹಾಕುವ ಮೊದಲು ಓಡಿಸಿ ನೋಡಿ

ಪೆನ್‌ಡ್ರೈವ್ ಹಾಕಿ ಯಂತ್ರ ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಟಪಟಪ ಒತ್ತುತ್ತಲೇ ಇರಬೇಕು. ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12. ಎಚ್‌ಪಿ ಆದರೆ ಎಫ್9. ಆಸುಸ್ ಲ್ಯಾಪ್‌ಟಾಪ್ ಆದರೆ ಎಸ್ಕೇಪ್. ಏಸರ್‌ನಲ್ಲೂ ಎಫ್12ವೇ, ಆದರೆ ಅನೇಕ ಮಾಡೆಲ್‌ಗಳಲ್ಲಿ ಬಯಾಸ್‌ಗೆ ಹೋಗಿ ಎಫ್12 ಬೂಟ್ ಮೆನು ಆನ್ ಮಾಡಿದರೆ ಮಾತ್ರ ಬರುತ್ತದೆ. ಕೀ ಸಿಗದಿದ್ದರೆ ವಿಂಡೋಸ್‌ನಲ್ಲೇ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ‘ಯೂಸ್ ಎ ಡಿವೈಸ್’ ಅಂತ ಸಿಗುತ್ತದೆ, ಅಲ್ಲಿಂದ ಪೆನ್‌ಡ್ರೈವ್ ಆರಿಸಬಹುದು.

ಪೆನ್‌ಡ್ರೈವ್‌ನಿಂದಲೇ ಮಿಂಟ್ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಇನ್ನೂ ಡಿಸ್ಕ್‌ಗೆ ಏನೂ ಹೋಗಿಲ್ಲ. ಇದು ಹೆಣ್ಣು ನೋಡುವ ಶಾಸ್ತ್ರವಿದ್ದ ಹಾಗೆ, ಒಪ್ಪಿಗೆ ಕೊಟ್ಟಾಗಿಲ್ಲ. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಓಡಿಸಿ ನೋಡಿ. ವೈಫೈ ಸಿಗುತ್ತದೆಯೇ? ಸೌಂಡ್ ಬರುತ್ತದೆಯೇ? ಕ್ಯಾಮೆರಾ? ಪ್ರಿಂಟರ್ ಜೋಡಿಸಿ ಒಂದು ಪುಟ ತೆಗೆಯಿರಿ. ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತವೆ. ಅದು ಈಗಲೇ ಗೊತ್ತಾದರೆ ಪ್ರಿಂಟ್ ಕೆಲಸ ವಿಂಡೋಸ್‌ನಲ್ಲೇ ಇಟ್ಟುಕೊಳ್ಳಬಹುದು.

ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಐಕಾನ್ ಒತ್ತಿದ ಮೇಲೆ ನಿಮ್ಮ ಡಿಸ್ಕೇ ಕಾಣದಿದ್ದರೆ ಗಾಬರಿ ಬೇಡ. ಡಿಸ್ಕ್ ಇಂಟೆಲ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಮೋಡ್‌ನಲ್ಲಿರುತ್ತದೆ. ಅದನ್ನು ಬಯಾಸ್‌ನಲ್ಲಿ ಎಎಚ್‌ಸಿಐ ಅನ್ನುವ ಸಾಮಾನ್ಯ ಮೋಡ್‌ಗೆ ಬದಲಿಸಬೇಕು. ಹಾಗೇ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂರುತ್ತದೆ. ಕ್ರಮ ಹೀಗೆ: ಮೊದಲು ವಿಂಡೋಸ್‌ನಲ್ಲಿ ಸಿಸ್ಟಮ್ ಕಾನ್ಫಿಗರೇಶನ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್ ಆಗುವಾಗ ನೇರ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತಾ ಹೊಸ ಡ್ರೈವರ್ ಹಾಕಿಕೊಳ್ಳುತ್ತದೆ. ಆಮೇಲೆ ಸೇಫ್ ಬೂಟ್ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್‌ಗೆ ಪಿನ್ ನಡೆಯದೆ ಪಾಸ್‌ವರ್ಡೇ ಬೇಕಾಗಬಹುದು. ಪಿನ್ ಮಾತ್ರ ನೆನಪಿಟ್ಟುಕೊಂಡವರು ಪಾಸ್‌ವರ್ಡ್ ಮೊದಲೇ ಹುಡುಕಿಟ್ಟುಕೊಳ್ಳಿ.

ಈಗ ಹಾಕುವುದು

ಲ್ಯಾಪ್‌ಟಾಪ್ ಆದರೆ ಚಾರ್ಜ್ 100 ಇರಲಿ, ಚಾರ್ಜರ್ ಕೂಡ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮುಂದೆ ಹೋಗಬೇಡಿ. ಮನೆಗೆಲ್ಲ ಇರುವ ಇನ್ವರ್ಟರ್ ಸಾಲದು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಒಂದು ಕ್ಷಣದಲ್ಲಿ ಕೆಲವು ಕಂಪ್ಯೂಟರ್ ಆಫ್ ಆಗಿಯೇ ಬಿಡುತ್ತವೆ.

ಭಾಷೆ, ಕೀಬೋರ್ಡ್ ಕೇಳುತ್ತದೆ. ಮಲ್ಟಿಮೀಡಿಯಾ ಕೋಡೆಕ್ಸ್ ಹಾಕಲೇ ಅಂದರೆ ಟಿಕ್ ಮಾಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇಲ್ಲಿ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಒಂದೇ ಸಲ ಬೇಕಾಗುವ ಪಾಸ್‌ವರ್ಡ್ ಅದು, ಆದರೂ ಹಾಳೆಯಲ್ಲಿ ಬರೆದುಕೊಳ್ಳಿ.

ಮುಂದಿನ ಪುಟವೇ ಮುಖ್ಯ. ‘ಇನ್‌ಸ್ಟಾಲ್ ಅಲಾಂಗ್‌ಸೈಡ್ ವಿಂಡೋಸ್’ ಅಂತ ಒಂದು, ‘ಇರೇಸ್ ಡಿಸ್ಕ್’ ಅಂತ ಒಂದು, ‘ಸಂಥಿಂಗ್ ಎಲ್ಸ್’ ಅಂತ ಒಂದು. ಇರೇಸ್ ಡಿಸ್ಕ್ ಅಂದರೆ ವಿಂಡೋಸ್, ಟ್ಯಾಲಿ, ಫೋಟೋ ಸಮೇತ ಎಲ್ಲ ಗುಡಿಸಿಹೋಗುತ್ತದೆ. ಅದರ ಹತ್ತಿರ ಮೌಸ್ ಒಯ್ಯಬೇಡಿ. ಮೊದಲನೆಯದು ಸುಲಭ, ಬಹಳ ಕಡೆ ಸರಿಯಾಗಿಯೇ ಆಗುತ್ತದೆ. ನಾನು ಮಾತ್ರ ಯಾವತ್ತೂ ಮೂರನೆಯದನ್ನೇ ಒತ್ತುತ್ತೇನೆ. ಏನಾಗುತ್ತಿದೆ ಅಂತ ಕಣ್ಣಿಗೆ ಕಾಣಬೇಕು.

ಸಂಥಿಂಗ್ ಎಲ್ಸ್ ಒತ್ತಿದರೆ ಪಾರ್ಟಿಷನ್ ಪಟ್ಟಿ ಬರುತ್ತದೆ. ಇಲ್ಲಿ ಸಿ, ಡಿ ಅನ್ನುವ ಹೆಸರುಗಳಿಲ್ಲ. ಎಸ್‌ಡಿಎ ಅಥವಾ ಎನ್‌ವಿಎಂಇ ಅಂತ ಶುರುವಾಗುವ ಹೆಸರುಗಳಿರುತ್ತವೆ. ಹೆಸರು ನೋಡಿ ಗುರುತಿಸಬೇಡಿ, ಅಳತೆ ನೋಡಿ. ನಮ್ಮ 80 ಜಿಬಿ ‘ಫ್ರೀ ಸ್ಪೇಸ್’ ಅಂತ ಕಾಣುತ್ತದೆ, ಎಂಬಿ ಲೆಕ್ಕದಲ್ಲಿ 86 ಸಾವಿರದ ಹತ್ತಿರ. ವಿಂಡೋಸ್ 1024ರ ಲೆಕ್ಕ ಹಾಕುತ್ತದೆ, ಇಲ್ಲಿ 1000ದ ಲೆಕ್ಕ. ಜಾಗ ಬೆಳೆದಿಲ್ಲ, ಗಜಕಡ್ಡಿ ಬೇರೆ ಅಷ್ಟೆ. ಆ ಸಾಲು ಆರಿಸಿ ಪ್ಲಸ್ ಒತ್ತಿ. ಪೂರ್ತಿ ಅಳತೆ ಹಾಗೇ ಬಿಡಿ, ‘ಯೂಸ್ ಆ್ಯಸ್’ ಎದುರು ಎಕ್ಸ್‌ಟ್4, ಮೌಂಟ್ ಪಾಯಿಂಟ್ ಎದುರು ಒಂದೇ ಒಂದು ಓರೆಗೆರೆ (/). ರ‍್ಯಾಮ್ ಸಾಲದಾಗ ಬಳಸುವ ಸ್ವಾಪ್‌ಗೆ ಬೇರೆ ಪಾರ್ಟಿಷನ್ ಬೇಡ, ಅದು ತಾನೇ ಫೈಲು ಮಾಡಿಕೊಳ್ಳುತ್ತದೆ. ನಿಮ್ಮ ಫೈಲುಗಳಿರುವ ಹೋಮ್ ಬೇರೆ ಮಾಡುವುದು ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. 80 ಜಿಬಿಯಲ್ಲಿ ಅದನ್ನೂ ಕಡಿದರೆ ಎರಡೂ ಕಡೆ ಇಕ್ಕಟ್ಟಾಗುತ್ತದೆ ಅನ್ನುವುದು ನನ್ನ ಅನುಭವ.

ಅದೇ ಪಟ್ಟಿಯಲ್ಲಿ ಇಎಫ್‌ಐ ಅಂತ ಒಂದು ಚಿಕ್ಕ ಪಾರ್ಟಿಷನ್ ಇರುತ್ತದೆ. ಅನೇಕ ಯಂತ್ರಗಳಲ್ಲಿ 100 ಎಂಬಿಯಷ್ಟೇ. ವಿಂಡೋಸ್ ಏಳಲು ಬೇಕಾದ ಫೈಲುಗಳು ಅಲ್ಲಿವೆ. ಲಿನಕ್ಸ್ ಕೂಡ ತನ್ನದನ್ನು ಅಲ್ಲೇ ಒಂದು ಮೂಲೆಯಲ್ಲಿ ಇಡುತ್ತದೆ. ಅದಕ್ಕೆ ಫಾರ್ಮ್ಯಾಟ್ ಟಿಕ್ ಬಿದ್ದಿಲ್ಲ ಅಂತ ಎರಡು ಸಲ ನೋಡಿ. ಇನ್‌ಸ್ಟಾಲ್ ನೌ ಒತ್ತಿದರೆ ಏನೇನು ಫಾರ್ಮ್ಯಾಟ್ ಆಗುತ್ತದೆ ಅಂತ ಕೊನೆಯದಾಗಿ ಒಂದು ಪಟ್ಟಿ ತೋರಿಸುತ್ತದೆ. ಅದರಲ್ಲಿ ನೀವು ಈಗ ಮಾಡಿದ ಎಕ್ಸ್‌ಟ್4 ಬಿಟ್ಟು ಬೇರೆ ಹೆಸರು ಇದ್ದರೆ ಗೋ ಬ್ಯಾಕ್ ಒತ್ತಿ.

ಆಮೇಲಿನದು ಸುಲಭ. ಊರು ಕೇಳಿದಾಗ ನಕ್ಷೆಯಲ್ಲಿ ಮಡಿಕೇರಿ ಹುಡುಕಬೇಡಿ, ಇಡೀ ಭಾರತಕ್ಕೆ ಕೋಲ್ಕತ್ತಾ ಒಂದೇ. ಹೆಸರು, ಪಾಸ್‌ವರ್ಡ್ ಕೊಟ್ಟು ಹದಿನೈದು ಇಪ್ಪತ್ತು ನಿಮಿಷ ಕಾಯಿರಿ.

ಮೊದಲ ಸಲ ಏಳುವಾಗ

ಸೆಕ್ಯೂರ್ ಬೂಟ್ ಇದ್ದವರಿಗೆ ಮೊದಲು ಒಂದು ನೀಲಿ ಪುಟ ಬರಬಹುದು. ಇದು ವಿಂಡೋಸ್‌ನ ನೀಲಿ ಅಲ್ಲ. ಹತ್ತು ಸೆಕೆಂಡಿನೊಳಗೆ ಒಂದು ಕೀ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್ ಅಂತ ಹೋಗಿ, ಹಾಳೆಯಲ್ಲಿ ಬರೆದ ಪಾಸ್‌ವರ್ಡ್ ಕೊಡಿ. ಇದನ್ನು ತಪ್ಪಿಸಿಕೊಂಡರೂ ಲಿನಕ್ಸ್ ಏಳುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್, ಕೆಲವು ವೈಫೈ ಚಿಪ್‌ಗಳಂಥ ಹೊರಗಿನ ಡ್ರೈವರ್ ಮಾತ್ರ ಓಡುವುದಿಲ್ಲ.

ಆಮೇಲೆ ಗ್ರಬ್ ಮೆನು. ಮಡಿಕೇರಿಯ ಜನರಲ್ ತಿಮ್ಮಯ್ಯ ಸರ್ಕಲ್ ನೆನಪಿಸಿಕೊಳ್ಳಿ, ಒಂದು ದಾರಿ ಮೈಸೂರಿಗೆ, ಒಂದು ಮಂಗಳೂರಿಗೆ. ಗ್ರಬ್ ಕೂಡ ಅಂಥದ್ದೇ ಸರ್ಕಲ್. ಹತ್ತು ಸೆಕೆಂಡ್ ನಿಂತು ನೋಡುತ್ತದೆ. ನೀವು ಏನೂ ಹೇಳದಿದ್ದರೆ ಲಿನಕ್ಸ್ ಕಡೆ ಹೊರಡುತ್ತದೆ. ಕೆಳಗಿನ ಬಾಣದ ಕೀ ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ವಿಂಡೋಸ್. ಮೆನುವಿನಲ್ಲಿ ವಿಂಡೋಸ್ ಇಲ್ಲವಾ? ಮಿಂಟ್ ಒಳಗೆ ಆದೇಶ ಟೈಪ್ ಮಾಡುವ ಟರ್ಮಿನಲ್ ತೆರೆದು ‘ಸೂಡೋ ಅಪ್‌ಡೇಟ್-ಗ್ರಬ್’ (sudo update-grub) ಆದೇಶ ಕೊಡಿ, ಹುಡುಕಿ ಸೇರಿಸಿಕೊಳ್ಳುತ್ತದೆ.

ಮನೆಯಲ್ಲಿ ಈ ಮೆನು ನೋಡಿದರೆ ಕಂಪ್ಯೂಟರ್ ಕೆಟ್ಟಿತು ಅಂದುಕೊಳ್ಳುವ ಹಿರಿಯರಿದ್ದರೆ, ಬಯಾಸ್‌ನ ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಕ್ಕೆ ತನ್ನಿ. ನಿಮಗೆ ಲಿನಕ್ಸ್ ಬೇಕಾದಾಗ ಮಾತ್ರ ಎಫ್12 ಒತ್ತಿ. ಆ ಪಟ್ಟಿಯಲ್ಲಿ ಮಿಂಟ್ ಅಂತ ಹುಡುಕಬೇಡಿ. ಮಿಂಟ್ ಉಬುಂಟು ಮೇಲೆ ಕಟ್ಟಿದ್ದು, ಬಯಾಸ್‌ನಲ್ಲಿ ಅದರ ಹೆಸರೂ ಉಬುಂಟು ಅಂತಲೇ ಇರುತ್ತದೆ.

ಗಡಿಯಾರ, ಕನ್ನಡ, ಮತ್ತೆ ಸಣ್ಣಪುಟ್ಟದ್ದು

ಮಾರನೇ ದಿನ ಬೆಳಗ್ಗೆ ರೈಟರ್ ಫೋನ್ ಮಾಡಿದರು. “ಏನಪ್ಪಾ ಇದು, ನಾನು ಹತ್ತು ಗಂಟೆಗೆ ಆಫೀಸಿಗೆ ಬಂದರೆ ಕಂಪ್ಯೂಟರ್ ನಾಲ್ಕೂವರೆ ಅಂತಿದೆ!” ಸರಿಯಾಗಿ ಐದೂವರೆ ಗಂಟೆ ಹಿಂದೆ. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ಟ್ಯಾಲಿ ಎಂಟ್ರಿಗೆ ಇದು ದೊಡ್ಡ ತಲೆನೋವು. ಮಿಂಟ್‌ನ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ (timedatectl set-local-rtc 1) ಅನ್ನುವ ಆದೇಶ ಒಂದು ಸಲ ಕೊಟ್ಟರೆ ಮುಗಿಯಿತು. ಲಿನಕ್ಸೂ ಭಾರತದ ಸಮಯವನ್ನೇ ಬರೆಯುತ್ತದೆ.

ಕನ್ನಡ ಟೈಪಿಂಗ್‌ಗೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ (ibus-m17n) ಹಾಕಿಕೊಂಡು, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಬನ್ನಿ. ಆಮೇಲೆ ಕನ್ನಡದ ಕೆಜಿಪಿ ವಿನ್ಯಾಸ ಸೇರಿಸಿ. ನುಡಿಯಲ್ಲಿ ಕೈ ಕೂತವರಿಗೆ ಇದು ಅದೇ ಕೀಬೋರ್ಡ್, ಕೆ.ಪಿ. ರಾವ್ ಅವರ ವಿನ್ಯಾಸದ ದಾರಿಯದ್ದು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ‘ಕನ್ನಡ’ ಬರುತ್ತದೆ. ಯುನಿಕೋಡ್ ಅಲ್ಲದ ಹಳೇ ನುಡಿ ಫೈಲುಗಳು ಮಾತ್ರ ಲಿಬ್ರೆಆಫೀಸ್‌ನಲ್ಲಿ ಕಲಸುಮೇಲೋಗರವಾಗಿ ಕಾಣುತ್ತವೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ಕಾಪಿ ಮಾಡಿ ಇಲ್ಲಿ ಹಾಕಿದರೆ ಓದಲು ಬರುತ್ತವೆ.

ಮಿಂಟ್ ಜೊತೆ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಬರುತ್ತದೆ, ಮೊದಲ ದಿನವೇ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ವಿಂಡೋಸ್‌ನ ಫೈಲುಗಳು ಮಿಂಟ್‌ನ ಫೈಲ್ ಮ್ಯಾನೇಜರ್‌ನಲ್ಲೇ ಕಾಣುತ್ತವೆ, ಸಿ ಡ್ರೈವ್‌ನೊಳಗೆ ಮಾತ್ರ ಕೈಯಾಡಿಸಬೇಡಿ.

ಮುಂದೆ ಬರುವ ತೊಂದರೆಗಳು

ಒಂದು ದಿನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಗ್ರಬ್ ಮೆನುವೇ ಬರುವುದಿಲ್ಲ, ನೇರ ವಿಂಡೋಸ್ ತೆರೆಯುತ್ತದೆ. ಲಿನಕ್ಸ್ ಎಲ್ಲೂ ಹೋಗಿರುವುದಿಲ್ಲ. ಬೂಟ್ ಆರ್ಡರ್ ಬದಲಾಗಿರುತ್ತದೆ ಅಷ್ಟೆ. ಬಯಾಸ್‌ಗೆ ಹೋಗಿ ಉಬುಂಟುವನ್ನು ಮೇಲಕ್ಕೆ ತಂದರೆ ಆಯ್ತು. 2024ರ ಆಗಸ್ಟ್‌ನಲ್ಲಿ ಇದಕ್ಕಿಂತ ಕೆಟ್ಟದ್ದೂ ಆಗಿತ್ತು. ಆ ತಿಂಗಳ ವಿಂಡೋಸ್ ಸೆಕ್ಯೂರಿಟಿ ಅಪ್‌ಡೇಟ್ ಹಳೇ ಲಿನಕ್ಸ್ ಬೂಟ್ ಫೈಲುಗಳನ್ನು ತಡೆಯಿತು. ಸೆಕ್ಯೂರ್ ಬೂಟ್ ಇದ್ದ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ‘ಶಿಮ್ ಎಸ್‌ಬಿಎಟಿ’ ಅನ್ನುವ ದೋಷ ತೋರಿಸಿ ಲಿನಕ್ಸ್ ಏಳಲೇ ಇಲ್ಲ. ಅಂಥದ್ದು ಬಂದರೆ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ ಲಿನಕ್ಸ್‌ಗೆ ಹೋಗಿ, ಎಲ್ಲ ಅಪ್‌ಡೇಟ್ ಹಾಕಿ, ಮತ್ತೆ ಆನ್ ಮಾಡಿ ನೋಡಿ. ಆಗ ವಿಂಡೋಸ್ ಬಿಟ್‌ಲಾಕರ್ ಕೀ ಕೇಳಿದರೆ ಆ ಹಾಳೆ ಎಲ್ಲಿದೆ ಅಂತ ಗೊತ್ತಿರಬೇಕು. ರೈಟರ್ ಅದನ್ನು ಮಳೆ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟಕ್ಕೆ ಅಂಟಿಸಿದ್ದಾರೆ. ಇಂಚು, ಸೆಂಟ್ ಲೆಕ್ಕ ಬರೆಯಲು ದಿನಾ ತೆಗೆಯುವ ಪುಸ್ತಕ, ಕಳೆಯುವುದಿಲ್ಲ.

ಲಿನಕ್ಸ್ ಬೇಡ ಅನ್ನಿಸಿತು ಅನ್ನಿ. ಆಗಲೂ ಕ್ರಮ ಮುಖ್ಯ. ಮೊದಲು ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಕ್ಕೆ ತಂದು, ವಿಂಡೋಸ್ ನೇರವಾಗಿ ಏಳುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ 80 ಜಿಬಿ ಪಾರ್ಟಿಷನ್ ಅಳಿಸಿ. ಉಲ್ಟಾ ಮಾಡಿ, ಅಂದರೆ ಗ್ರಬ್ ಮೇಲಿರುವಾಗಲೇ ಪಾರ್ಟಿಷನ್ ಅಳಿಸಿದರೆ, ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಗ್ರಬ್ ಅನ್ನುವ ಒಂದು ಪದ ಮಾತ್ರ ಕಾಣುತ್ತದೆ. ಲೆಗಸಿ ಯಂತ್ರದಲ್ಲಾದರೆ ವಿಂಡೋಸ್‌ನ ರಿಪೇರಿ ಪೆನ್‌ಡ್ರೈವ್‌ನಿಂದ ಅದರ ಬೂಟ್ ದಾಖಲೆ ಮೊದಲು ಸರಿಮಾಡಿಸಬೇಕು. ಅಳಿಸಿದ ಮೇಲೆ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿದರೆ ಬಿಟ್ಟುಕೊಟ್ಟ ಜಾಗ ವಾಪಸ್ ಬರುತ್ತದೆ. ಖಾಲಿ ಜಾಗ ಸಿ ಡ್ರೈವ್‌ನ ಬಲಕ್ಕೆ, ಪಕ್ಕದಲ್ಲೇ ಇರಬೇಕು. ನಡುವೆ ಬೇರೆ ಪಾರ್ಟಿಷನ್ ಇದ್ದರೆ ಆ ಆಯ್ಕೆ ಒತ್ತಲು ಸಿಗುವುದಿಲ್ಲ. ಆಗ ಅದನ್ನು ಇ ಡ್ರೈವ್ ಅಂತ ಮಾಡಿ ಫೋಟೋ ಇಡಲು ಬಳಸಿಕೊಳ್ಳಿ.